ಜಾಂಬಿಯಾದಲ್ಲಿ ಸೋತ ಆಡಳಿತ ಪಕ್ಷ ಮತ್ತೆ ಏಳುವುದೇ ಇಲ್ಲವಲ್ಲ, ಯಾಕೆ?

ಹಟ್ಟಿಹೊಳೆ (ಪ್ರಶ್ನೆ)

ವಿರಾಜಪೇಟೆಯಲ್ಲಿ ಬಿಎ ರಾಜ್ಯಶಾಸ್ತ್ರದ ಮಕ್ಕಳಿಗೆ ಆಫ್ರಿಕಾದ ಪಕ್ಷ ವ್ಯವಸ್ಥೆ ಕುರಿತು 45 ನಿಮಿಷದ ಒಂದು ತರಗತಿ ಇದೆ. ಇಡೀ ಖಂಡ ಹಿಡಿದರೆ ಯಾವುದೂ ತಲೆಗೆ ಹೋಗಲ್ಲ ಅಂತ ಜಾಂಬಿಯಾ ಒಂದನ್ನೇ ಆರಿಸಿಕೊಂಡಿದ್ದೇನೆ. ಬೋರ್ಡಿನ ಮೇಲೆ ಬರೆಯಲು ಈವರೆಗೆ ಆಗಿರುವುದು ಇಷ್ಟು (ಆಳಿದ ಪಕ್ಷ, ಆವರಣದಲ್ಲಿ ಆಗಿನ ದೇಶದ ಅಧ್ಯಕ್ಷರು):

1964–1991 ಯುನಿಪ್ (ಕೆನೆತ್ ಕೌಂಡಾ)
1991–2011 ಎಂಎಂಡಿ (ಚಿಲುಬಾ, ಮ್ವಾನವಾಸಾ, ರುಪಿಯಾ ಬಂಡಾ)
2011–2021 ಪಿಎಫ್ (ಸಾಟಾ, ಲುಂಗು)
2021ರಿಂದ ಯುಪಿಎನ್‌ಡಿ (ಹಿಚಿಲೆಮಾ)

ಮೂರು ಸಲ ಆಡಳಿತ ಪಕ್ಷ ಮತದಿಂದಲೇ ಸೋತಿದೆ, ಮೂರು ಸಲವೂ ಸೋತವರು ಕುರ್ಚಿ ಬಿಟ್ಟಿದ್ದಾರೆ. ಸುತ್ತಲಿನ ಎಷ್ಟೋ ದೇಶಗಳಲ್ಲಿ ಇದು ಒಂದು ಸಲವೂ ಆಗಿಲ್ಲ. ನನಗೆ ಬಗೆಹರಿಯದ್ದು ಬೇರೆ. ನಮ್ಮಲ್ಲಿ ಸೋತ ಪಕ್ಷ ಐದು ವರ್ಷ ಕಾದು ಮತ್ತೆ ಬರುತ್ತದೆ. ಅಲ್ಲಿ 27 ವರ್ಷ ಆಳಿದ ಯುನಿಪ್ ಎಲ್ಲಿ ಹೋಯಿತು? 20 ವರ್ಷ ಆಳಿದ ಎಂಎಂಡಿ? ಇನ್ನೊಂದು, 2001ರಲ್ಲಿ 29% ಮತ ಪಡೆದವರು ಅಧ್ಯಕ್ಷರಾದರು, 2016ರಲ್ಲಿ 50.35% ಪಡೆದದ್ದಕ್ಕೆ ಅಷ್ಟು ಗಲಾಟೆಯಾಯಿತು. ಇದನ್ನು ಮಕ್ಕಳಿಗೆ ಗೊಂದಲವಿಲ್ಲದೆ ಹೇಳುವುದು ಹೇಗೆ? ತಿಳಿದವರು ಬರೆಯಿರಿ.

ಕುಶಾಲನಗರ ಮೇಷ್ಟ್ರು

ನಿಮ್ಮ ಪಟ್ಟಿ ತಪ್ಪಲ್ಲ ಮೇಡಂ, ಆದರೆ ಪಕ್ಷದ ಹೆಸರಿನ ಮೇಲೆ ಭಾಗ ಮಾಡಿದರೆ ಕಥೆ ಕಾಣುವುದಿಲ್ಲ. ನಿಯಮದ ಮೇಲೆ ಭಾಗ ಮಾಡಿ. ಬೋರ್ಡಿನಲ್ಲಿ ಮೂರು ಕಂಬ ಸಾಕು: ವರ್ಷ, ಗೆದ್ದವರ ಶೇಕಡಾ, ಆಗ ಗೆಲ್ಲಲು ಏನು ಬೇಕಿತ್ತು. ಮೂರನೆಯದು ಇಲ್ಲದಿದ್ದರೆ 29 ಮತ್ತು 50.35ರ ಪ್ರಶ್ನೆ ಬಿಡಿಸಲು ಆಗಲ್ಲ.

ಮೊದಲು 1964. ಅಕ್ಟೋಬರ್ 24ಕ್ಕೆ ಸ್ವಾತಂತ್ರ್ಯ. ಅದಕ್ಕೂ ಮುಂಚೆ ಜನವರಿಯಲ್ಲೇ ಚುನಾವಣೆ ಆಗಿತ್ತು, 75 ಸ್ಥಾನಗಳಲ್ಲಿ ಯುನಿಪ್‌ಗೆ 55. ಹ್ಯಾರಿ ಎನ್‌ಕುಂಬುಲಾ ಅವರ ಎಎನ್‌ಸಿಗೆ 10, ಬಿಳಿಯರಿಗೆ ಮೀಸಲಾಗಿದ್ದ 10 ಬೇರೆ. ಆರಂಭದಲ್ಲಿ ಅಲ್ಲಿ ವಿರೋಧ ಪಕ್ಷ ಇತ್ತು, 1968ರಲ್ಲೂ 105ರಲ್ಲಿ 23 ಸ್ಥಾನ ಗೆದ್ದಿತ್ತು. ಇದನ್ನು ಒತ್ತಿ ಹೇಳಿ, ಇಲ್ಲದಿದ್ದರೆ ಮಕ್ಕಳು ಏಕಪಕ್ಷವೇ ಆ ನೆಲದ ಸಹಜ ಗುಣ ಅಂದುಕೊಳ್ಳುತ್ತಾರೆ.

ಏಕಪಕ್ಷ ಬಂದದ್ದು ಹೆದರಿಕೆಯಿಂದ. ಕೌಂಡಾ ಅವರ ಬಾಲ್ಯದ ಗೆಳೆಯ, ಉಪಾಧ್ಯಕ್ಷರಾಗಿದ್ದ ಸೈಮನ್ ಕಪ್ವೆಪ್ವೆ 1971ರಲ್ಲಿ ಹೊರಬಂದು ಯುಪಿಪಿ ಎಂಬ ಪಕ್ಷ ಕಟ್ಟಿದರು. ವರ್ಷದ ಕೊನೆಯ ಉಪಚುನಾವಣೆಗಳಲ್ಲಿ ಗೆದ್ದದ್ದು ಒಂದೇ ಸ್ಥಾನ, ಅದೂ ತಾಮ್ರದ ಗಣಿಪಟ್ಟಣ ಮುಫುಲಿರಾದಲ್ಲಿ, ಸ್ವತಃ ಕಪ್ವೆಪ್ವೆ. ಆ ಒಂದು ಸ್ಥಾನವೇ ಸಾಕಾಯಿತು. 1972ರ ಫೆಬ್ರವರಿಯಲ್ಲಿ ಯುಪಿಪಿ ನಿಷೇಧ, ನಾಯಕರು ಜೈಲಿಗೆ. ಆಮೇಲೆ ಚೋನಾ ಆಯೋಗ. ಅದಕ್ಕೆ ಕೊಟ್ಟ ಕೆಲಸ ಗಮನಿಸಿ: ಏಕಪಕ್ಷ ಬೇಕೋ ಬೇಡವೋ ಎಂದು ಜನರನ್ನು ಕೇಳುವ ಅಧಿಕಾರ ಅದಕ್ಕಿರಲಿಲ್ಲ, ಯಾವ ರೂಪದ ಏಕಪಕ್ಷ ಎಂಬುದಷ್ಟೇ. 1973ರ ಜೂನ್‌ನಲ್ಲಿ ಚೋಮಾದಲ್ಲಿ ಒಪ್ಪಂದ ಮಾಡಿಕೊಂಡು ಎನ್‌ಕುಂಬುಲಾ ಅವರೂ ಯುನಿಪ್ ಸೇರಿದರು, ಅಲ್ಲಿಗೆ ಎಎನ್‌ಸಿ ಮುಗಿಯಿತು.

1973ರಿಂದ 1988ರ ತನಕ ನಾಲ್ಕು ಚುನಾವಣೆ. ಅಧ್ಯಕ್ಷ ಸ್ಥಾನಕ್ಕೆ ಒಬ್ಬರೇ ಅಭ್ಯರ್ಥಿ, ಮತದಾರ ಹೇಳಬೇಕಾದ್ದು ಹೌದು ಅಥವಾ ಇಲ್ಲ. ಮೂರನೇ ಕಂಬದಲ್ಲಿ ಈ ನಾಲ್ಕಕ್ಕೂ ‘ಎದುರಾಳಿ ಇಲ್ಲ’ ಎಂದು ಬರೆಯಿರಿ. ಶೇಕಡಾವಾರು ಬರೆದು 1991ರ ಪಕ್ಕ ಇಟ್ಟರೆ ತಪ್ಪು ಚಿತ್ರ ಸಿಗುತ್ತದೆ. ಆದರೂ ಶಾಸಕ ಸ್ಥಾನಕ್ಕೆ ಯುನಿಪ್‌ನ ಒಳಗೇ ಪೈಪೋಟಿ ಇತ್ತು, ಹಾಲಿ ಮಂತ್ರಿಗಳೂ ಸೋಲುತ್ತಿದ್ದರು. ಮೇಲಿನ ಕುರ್ಚಿಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ಕಪ್ವೆಪ್ವೆ 1977ರಲ್ಲಿ ಯುನಿಪ್‌ಗೆ ಮರಳಿ, ಮರುವರ್ಷ ಪಕ್ಷದ ಒಳಗಿನಿಂದಲೇ ಕೌಂಡಾಗೆ ಎದುರಾಗಿ ನಿಲ್ಲಲು ಹೊರಟಾಗ ಪಕ್ಷದ ನಿಯಮವನ್ನೇ ತಿದ್ದಿ ಬಾಗಿಲು ಮುಚ್ಚಿದರು.

1991ರಿಂದ ಹೊಸ ಪುಟ. 1990ರ ಜುಲೈನಲ್ಲಿ ರಾಜಧಾನಿ ಲುಸಾಕಾದ ಗಾರ್ಡನ್ ಹೌಸ್‌ನಲ್ಲಿ ಎಂಎಂಡಿ ಹುಟ್ಟಿತು, ಡಿಸೆಂಬರ್‌ನಲ್ಲಿ ಕೌಂಡಾ ಏಕಪಕ್ಷದ ವಿಧಿ ತೆಗೆಯುವ ತಿದ್ದುಪಡಿಗೆ ಸಹಿ ಹಾಕಿದರು, 1991ರ ಅಕ್ಟೋಬರ್ 31ಕ್ಕೆ ಮತದಾನ. ಕಾರ್ಮಿಕ ಸಂಘಟನೆಯ ಮುಖ್ಯಸ್ಥ ಫ್ರೆಡರಿಕ್ ಚಿಲುಬಾಗೆ ಸುಮಾರು 76%, ಕೌಂಡಾಗೆ 24%. ಸಂಸತ್ತಿನಲ್ಲಿ 125–25. ಎರಡು ದಿನದಲ್ಲಿ ಅಧಿಕಾರ ಹಸ್ತಾಂತರ.

ಇನ್ನು ನಿಮ್ಮ 29% ಮತ್ತು 50.35%. 1996ರಿಂದ ಯಾರಿಗೆ ಹೆಚ್ಚು ಮತವೋ ಅವರೇ ಅಧ್ಯಕ್ಷರು, ಅರ್ಧ ದಾಟಬೇಕಿಲ್ಲ. ನಮ್ಮ ಎಂಎಲ್‌ಎ ಚುನಾವಣೆಯ ಲೆಕ್ಕವೇ. 2001ರಲ್ಲಿ ಹನ್ನೊಂದು ಮಂದಿ ನಿಂತು ಮತ ಚೂರಾಯಿತು. ಲೆವಿ ಮ್ವಾನವಾಸಾ 29%, ಯುಪಿಎನ್‌ಡಿಯ ಆಂಡರ್ಸನ್ ಮಜೋಕಾ 27%, ನಡುವಿನ ಅಂತರ ಸುಮಾರು 34 ಸಾವಿರ. 2016ರ ಜನವರಿಯ ತಿದ್ದುಪಡಿ 50% ಮತ್ತು ಒಂದು ಮತ ಬೇಕು, ಇಲ್ಲದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು ಎಂದಿತು. ಆ ಆಗಸ್ಟ್‌ನಲ್ಲಿ ಎಡ್ಗರ್ ಲುಂಗು ಅರ್ಧದ ಗೆರೆ ದಾಟಿದ್ದು ಸುಮಾರು 13 ಸಾವಿರ ಮತದಿಂದ. ಗಲಾಟೆ ಅದಕ್ಕೆ. ಎದುರಾಳಿ ಹಿಚಿಲೆಮಾಗಿಂತ ಲುಂಗು ಒಂದು ಲಕ್ಷ ಮತ ಮುಂದಿದ್ದರೂ ತಕರಾರು ಎದ್ದದ್ದು ಆ 13 ಸಾವಿರದ ಮೇಲೆ.

ಕಾಫಿಬೇಲಿ

ಮೇಷ್ಟ್ರು ನಿಯಮ ಹೇಳಿದರು, ನಾನು ದುಡ್ಡಿನ ಕಡೆ ಹೇಳುತ್ತೇನೆ. ಪಕ್ಷ ಯಾಕೆ ಮಾಯವಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಲಂಡನ್ ಪೇಟೆಯಲ್ಲಿ ರೋಬಸ್ಟಾ ಕಾಫಿ ದರ ಕುಸಿದರೆ ಸಿದ್ದಾಪುರದ ಅಂಗಡಿಯಲ್ಲಿ ವ್ಯಾಪಾರ ಹೇಗೆ ನಿಲ್ಲುತ್ತದೆ ಅಂತ ನಿಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅದೇ ಊರಿನ ಲೋಹದ ಪೇಟೆಯಲ್ಲಿ ತಾಮ್ರದ ದರ ಬಿದ್ದಾಗ ಜಾಂಬಿಯಾದ ಇಡೀ ಸರ್ಕಾರಕ್ಕೆ ಆಗುವುದು ಅದೇ. 1969ರಲ್ಲಿ ಕೌಂಡಾ ಗಣಿಗಳ 51% ಪಾಲು ಸರ್ಕಾರಕ್ಕೆ ಎಂದು ಘೋಷಿಸಿದರು. ದರ ಚೆನ್ನಾಗಿದ್ದ ಐದು ವರ್ಷ ಶಾಲೆ, ಆಸ್ಪತ್ರೆ, ಸಬ್ಸಿಡಿ ಎಲ್ಲಾ ಬಂತು. 1975ರ ಹೊತ್ತಿಗೆ ದರ ನೆಲಕಚ್ಚಿತು, ತೈಲದ ಬೆಲೆ ಏರಿತ್ತು, ಸಾಲ ಬೆಳೆಯಿತು. ಐಎಂಎಫ್ ಹೇಳಿದ್ದಕ್ಕೆ ಮೆಕ್ಕೆಜೋಳದ ಹಿಟ್ಟಿನ ಸಬ್ಸಿಡಿ ತೆಗೆಯಲು ಹೋದಾಗಲೆಲ್ಲ ಬೀದಿಯಲ್ಲಿ ಬೆಂಕಿ: 1986ರ ಡಿಸೆಂಬರ್‌ನಲ್ಲಿ ತಾಮ್ರದ ಗಣಿಪ್ರಾಂತ ಕಾಪರ್‌ಬೆಲ್ಟ್, 1990ರ ಜೂನ್‌ನಲ್ಲಿ ಲುಸಾಕಾ. ಎರಡನೆಯದರ ಬೆನ್ನಿಗೇ ಒಬ್ಬ ಲೆಫ್ಟಿನೆಂಟ್ ರೇಡಿಯೋ ಕೇಂದ್ರಕ್ಕೆ ನುಗ್ಗಿ ಸರ್ಕಾರ ಬಿತ್ತು ಎಂದು ಘೋಷಿಸಿದ. ದಂಗೆ ಕೆಲವೇ ಗಂಟೆ ಉಳಿಯಿತು, ಆದರೆ ಸುದ್ದಿ ಕೇಳಿ ಜನ ಬೀದಿಗಿಳಿದು ಕುಣಿದದ್ದು ಯುನಿಪ್‌ಗೆ ಏನು ತಿಳಿಸಬೇಕೋ ತಿಳಿಸಿತು.

ಈಗ ನಿಮ್ಮ ಪ್ರಶ್ನೆ. ಅಲ್ಲಿ ಪಕ್ಷಗಳಿಗೆ ಸರ್ಕಾರದಿಂದ ನಿಧಿ ಇಲ್ಲ, ಸದಸ್ಯರ ಚಂದಾ ಹೆಸರಿಗೆ ಮಾತ್ರ. ಅಧಿಕಾರದಲ್ಲಿದ್ದಾಗ ಹಣ ಬರುವ ದಾರಿ ಮೂರು: ಗುತ್ತಿಗೆದಾರರು, ಸರ್ಕಾರಿ ಹುದ್ದೆಗಳ ಹಂಚಿಕೆ, ಮತ್ತು ಸಂತೆ, ಬಸ್‌ಸ್ಟ್ಯಾಂಡುಗಳು. ಮೂರನೆಯದು ಹೊರಗಿನವರಿಗೆ ಕಾಣಲ್ಲ. ಆಡಳಿತ ಪಕ್ಷದ ಹುಡುಗರು ಬಸ್ ನಿಲ್ದಾಣ, ಮಾರುಕಟ್ಟೆ ಹಿಡಿದು ಪ್ರತಿ ಬಸ್ಸಿನಿಂದ, ಪ್ರತಿ ಮಳಿಗೆಯಿಂದ ವಸೂಲಿ ಮಾಡುತ್ತಿದ್ದರು. ಪಕ್ಷದ ತಳಮಟ್ಟದ ಕಾರ್ಯಕರ್ತ ಬದುಕುತ್ತಿದ್ದದ್ದು ಅದರಿಂದಲೇ. ಫಲಿತಾಂಶ ಬಂದ ವಾರದಲ್ಲೇ ಆ ಹುಡುಗರು ಅಂಗಿಯ ಬಣ್ಣ ಬದಲಿಸುತ್ತಿದ್ದರು, ಇಲ್ಲವೇ ಹೊಸ ಪಕ್ಷದವರು ಬಂದು ಜಾಗ ಹಿಡಿಯುತ್ತಿದ್ದರು. 2011ರಲ್ಲಿ ಎಂಎಂಡಿಯ ಬೇರು ಕತ್ತರಿಸಿದ್ದು ಹೀಗೆ. 2021ರಲ್ಲಿ ಹಿಚಿಲೆಮಾ ಬಂದ ಕೂಡಲೇ ಮಾರುಕಟ್ಟೆ, ಬಸ್‌ಸ್ಟ್ಯಾಂಡುಗಳಿಂದ ಪಕ್ಷದವರು ಹೊರಗಿರಬೇಕೆಂದು ಆದೇಶಿಸಿದರು. ಪಿಎಫ್‌ಗೆ ಇದ್ದ ದಿನದ ಸಂಪಾದನೆ ಅಲ್ಲಿಗೆ ನಿಂತಿತು.

ನಾಯಕರದ್ದೂ ಇದೇ ದಾರಿ. ರುಪಿಯಾ ಬಂಡಾ 70ರ ದಶಕದಲ್ಲಿ ಕೌಂಡಾ ಅವರ ವಿದೇಶ ಮಂತ್ರಿ, ಕೊನೆಗೆ ಎಂಎಂಡಿಯಿಂದ ದೇಶದ ಅಧ್ಯಕ್ಷ. ಮೈಕಲ್ ಸಾಟಾ ಯುನಿಪ್‌ನಲ್ಲಿ ಲುಸಾಕಾದ ಗವರ್ನರ್, ಎಂಎಂಡಿಯಲ್ಲಿ ಮಂತ್ರಿ, 2001ರಲ್ಲಿ ಚಿಲುಬಾರ ಉತ್ತರಾಧಿಕಾರ ತನಗೆ ಸಿಗಲಿಲ್ಲವೆಂದು ಪಿಎಫ್ ಕಟ್ಟಿದವರು. ಲುಂಗು ಪಿಎಫ್‌ಗೂ ಮೊದಲು ಯುಪಿಎನ್‌ಡಿಯಲ್ಲಿದ್ದರು. ಪಕ್ಷ ಸತ್ತಿತು ಅನ್ನುವುದಕ್ಕಿಂತ ಮನೆ ಖಾಲಿ ಮಾಡಿ ಎಲ್ಲರೂ ಪಕ್ಕದ ಮನೆಗೆ ಹೋದರು ಅನ್ನಬೇಕು. ಅಂಕಿ ಬೇಕಿದ್ದರೆ ಬೋರ್ಡಿಗೆ ಹಾಕಿ: ಯುನಿಪ್ 1991ರಲ್ಲಿ 25 ಸ್ಥಾನ, 1996ರಲ್ಲಿ ಬಹಿಷ್ಕಾರ, 2001ರಲ್ಲಿ 13, 2011ರಲ್ಲಿ ಸೊನ್ನೆ. ಎಂಎಂಡಿ 2011ರಲ್ಲಿ 55, 2016ರಲ್ಲಿ 3.

ಹಟ್ಟಿಹೊಳೆ

ತುಂಬಾ ಉಪಕಾರ ಇಬ್ಬರಿಗೂ. ಮನೆ ಖಾಲಿ ಮಾಡಿದ್ದು ಅರ್ಥವಾಯಿತು. ಆದರೆ ಪತ್ರಿಕೆಗಳಲ್ಲಿ ಓದಿದ್ದು ‘ಎಲ್ಲಾ ಬುಡಕಟ್ಟು ರಾಜಕೀಯ’ ಅಂತ. ಬೆಂಬಾದವರು ಒಂದು ಕಡೆ, ಟೊಂಗಾದವರು ಒಂದು ಕಡೆ. ಅದನ್ನು ಬಿಟ್ಟು ಹೇಳಬಹುದೇ? ಇನ್ನೊಂದು, ಮಕ್ಕಳು ಕೊಡಗಿನ ಹಳೆಯ ತಕ್ಕಡಿ ಪಕ್ಷದ ಬಗ್ಗೆ ಓದಿದ್ದಾರೆ. ಅದರ ಜೊತೆ ಹೋಲಿಸಬಹುದಾ ಅಂತ ಯೋಚನೆ.

ಸೋಮವಾರಪೇಟೆ ದಕ್ಷಿಣ

ಬಿಡಲು ಆಗುವುದಿಲ್ಲ, ಆದರೆ ಅದನ್ನೇ ಉತ್ತರ ಮಾಡಿದರೆ ಒಂದು ಚುನಾವಣೆಯೂ ಅರ್ಥವಾಗಲ್ಲ. ದೇಶದಲ್ಲಿ 70ಕ್ಕೂ ಹೆಚ್ಚು ಸಮುದಾಯಗಳಿವೆ, ಯಾವುದೂ ಒಂಟಿಯಾಗಿ ಬಹುಮತವಲ್ಲ. ಹಾಗಾಗಿ ಪ್ರತಿ ಗೆಲುವೂ ಪ್ರಾಂತಗಳ ಕೂಡಿಕೆ. ಬುಡಕಟ್ಟು ಎಂಬ ಪದಕ್ಕಿಂತ ಪ್ರಾಂತ ಎಂಬ ಪದ ಬಳಸಿ, ಈಗ ಹತ್ತು ಪ್ರಾಂತಗಳಿವೆ.

ಒಡಕು ಮೊದಲು ಬಯಲಾದದ್ದು ಸಾರ್ವತ್ರಿಕ ಚುನಾವಣೆಯಲ್ಲಿ ಅಲ್ಲ, 1967ರ ಆಗಸ್ಟ್‌ನಲ್ಲಿ ಮುಲುಂಗುಶಿಯಲ್ಲಿ ನಡೆದ ಯುನಿಪ್‌ನ ಆಂತರಿಕ ಚುನಾವಣೆಯಲ್ಲಿ. ಬೆಂಬಾ ಮತ್ತು ಟೊಂಗಾ ಭಾಷಿಕ ನಾಯಕರು ಕೈಜೋಡಿಸಿ ಪಶ್ಚಿಮದ ಲೋಜಿ ಸಮುದಾಯದವರನ್ನು ಮತ್ತು ಪೂರ್ವ ಪ್ರಾಂತದವರನ್ನು ಕೇಂದ್ರ ಸಮಿತಿಯ ದೊಡ್ಡ ಹುದ್ದೆಗಳಿಂದ ಕೆಳಗಿಳಿಸಿದರು. ಕಪ್ವೆಪ್ವೆ ಆಗ ರೂಬೆನ್ ಕಮಂಗಾ ಅವರನ್ನು ಸೋಲಿಸಿ ಉಪಾಧ್ಯಕ್ಷರಾದದ್ದು. ಅಂದರೆ ಪ್ರಾಮಾಣಿಕ ಆಂತರಿಕ ಚುನಾವಣೆ ಒಮ್ಮೆ ನಡೆಯಿತು, ಪಕ್ಷ ಸೀಳಿಹೋಯಿತು. ಆಮೇಲೆ ಕೌಂಡಾ ಅಂಥದ್ದಕ್ಕೆ ಅವಕಾಶವನ್ನೇ ಕೊಡದೆ ಪ್ರಾಂತವಾರು ಲೆಕ್ಕ ಹಾಕಿ ತಾವೇ ಹುದ್ದೆ ಹಂಚಿದರು. ಇಲ್ಲಿ ಬೆಂಬಾ, ಟೊಂಗಾ ಒಂದೇ ಕಡೆ ಇದ್ದರು ಎಂಬುದನ್ನೂ ಮಕ್ಕಳಿಗೆ ತೋರಿಸಿ. ನಲವತ್ತು ವರ್ಷದ ಬಳಿಕ ಅದೇ ಎರಡು ಕಡೆ ಎದುರುಬದುರು.

ಪ್ರಾಂತವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಪೂರ್ವ ಪ್ರಾಂತ 1991ರಲ್ಲಿ ಕೌಂಡಾ ಅವರ ಕೈಬಿಡದ ಒಂದೇ ಪ್ರಾಂತ, ಯುನಿಪ್‌ನ 25ರಲ್ಲಿ 19 ಅಲ್ಲಿಯವೇ. ಅದು ಆಮೇಲೆ ಬಂಡಾ ಅವರ ಜೊತೆ ಎಂಎಂಡಿಗೆ ಹೋಯಿತು, 2015ರಲ್ಲಿ ಲುಂಗು ಜೊತೆ ಪಿಎಫ್‌ಗೆ. ಪಶ್ಚಿಮ ಪ್ರಾಂತದ್ದು ಬೇರೆ ಸಿಟ್ಟು. 1964ರ ಬರೋಟ್ಸೆಲ್ಯಾಂಡ್ ಒಪ್ಪಂದ ಲೋಜಿ ಅರಸರ ಆಡಳಿತಕ್ಕೆ ವಿಶೇಷ ಸ್ಥಾನ ಕೊಟ್ಟಿತ್ತು, 1969ರಲ್ಲಿ ಅದನ್ನು ರದ್ದು ಮಾಡಿದರು. 2011ರಲ್ಲಿ ಸಾಟಾ 90 ದಿನದಲ್ಲಿ ಆ ಒಪ್ಪಂದಕ್ಕೆ ಜೀವ ಕೊಡುತ್ತೇನೆ ಎಂದು ಮಾತುಕೊಟ್ಟು, ಗೆದ್ದ ಮೇಲೆ ತಪ್ಪಿದರು. ಮುಂದಿನ ಚುನಾವಣೆಗಳಲ್ಲಿ ಪಶ್ಚಿಮ ಹಿಚಿಲೆಮಾ ಕಡೆ ವಾಲಿತು.

ಗೆಲುವು ಸೋಲು ತೀರ್ಮಾನ ಆಗುವುದು ಲುಸಾಕಾ ಮತ್ತು ಕಾಪರ್‌ಬೆಲ್ಟ್‌ನಲ್ಲಿ. ಗಣಿ ಕಾರ್ಮಿಕರು, ಸಣ್ಣ ವ್ಯಾಪಾರಿಗಳು, ಕೆಲಸವಿಲ್ಲದ ಹುಡುಗರು. ಎಲ್ಲ ಪ್ರಾಂತದವರೂ ಅಲ್ಲಿದ್ದಾರೆ. 1991ರಲ್ಲಿ ಎಂಎಂಡಿಯನ್ನು, 2011ರಲ್ಲಿ ಸಾಟಾರನ್ನು, 2021ರಲ್ಲಿ ಹಿಚಿಲೆಮಾರನ್ನು ತಂದವರು ಅವರು. 2015, 2016ರಲ್ಲಿ ದಕ್ಷಿಣ, ಪಶ್ಚಿಮ, ವಾಯವ್ಯ ಪ್ರಾಂತಗಳನ್ನು ದೊಡ್ಡ ಅಂತರದಿಂದ ಗೆದ್ದೂ ಹಿಚಿಲೆಮಾ ಸೋತದ್ದು ಈ ಎರಡು ಜಾಗದಲ್ಲಿ. 2021ರಲ್ಲಿ ಇವೆರಡೂ ತಿರುಗಿದವು: 59%, ಸುಮಾರು 10 ಲಕ್ಷ ಮತಗಳ ಅಂತರ, ಆರನೇ ಪ್ರಯತ್ನದಲ್ಲಿ. ಬುಡಕಟ್ಟೇ ಕಾರಣವಾಗಿದ್ದರೆ ಐದು ವರ್ಷದಲ್ಲಿ ಲುಸಾಕಾದ ಜನರ ಬುಡಕಟ್ಟು ಬದಲಾಗಿರಬೇಕಿತ್ತು! ಬದಲಾದದ್ದು ಹಿಟ್ಟಿನ ಬೆಲೆ, ಕರೆಂಟು, ಸಾಲ. 2012, 2014, 2015ರಲ್ಲಿ ಒಟ್ಟು 300 ಕೋಟಿ ಡಾಲರಿನ ಯೂರೋಬಾಂಡ್ ಎಂಬ ವಿದೇಶಿ ಸಾಲ ಎತ್ತಿದ್ದರು, 2020ರ ನವೆಂಬರ್‌ನಲ್ಲಿ ಅದರ ಬಡ್ಡಿ ಕಟ್ಟಲಾಗಲಿಲ್ಲ.

ತಕ್ಕಡಿ ಪಕ್ಷದ ಹೋಲಿಕೆ ಒಳ್ಳೆಯದೇ, ಆದರೆ ಸಾಮ್ಯಕ್ಕಲ್ಲ, ವ್ಯತ್ಯಾಸಕ್ಕೆ ಬಳಸಿ. 1952ರಲ್ಲಿ ಕೊಡಗು ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿದ್ದಾಗ 24 ಸ್ಥಾನಗಳಲ್ಲಿ ಕಾಂಗ್ರೆಸ್ 15, ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಕಡೆಯವರೂ ಸೇರಿ ಪಕ್ಷೇತರರು 9. ಮೈಸೂರಿನೊಂದಿಗೆ ವಿಲೀನ ಬೇಡ ಎಂಬುದು ತಕ್ಕಡಿಯವರ ನಿಲುವು, 1956ರ ನವೆಂಬರ್ 1ಕ್ಕೆ ವಿಲೀನ ಆಗಿಹೋಯಿತು, ಹಿಡಿದ ಪ್ರಶ್ನೆಯೇ ಮುಗಿಯಿತು. ಯುನಿಪ್ ಕಥೆ ಅದಲ್ಲ. ಅದರ ಪ್ರಶ್ನೆ, ಅಂದರೆ ಸ್ವಾತಂತ್ರ್ಯ, 1964ಕ್ಕೇ ಮುಗಿದಿತ್ತು, ಆದರೂ 27 ವರ್ಷ ಬದುಕಿತು, ಕಾಫಿಬೇಲಿಯವರು ಹೇಳಿದ ಕಾರಣಕ್ಕೆ.

ಕುಶಾಲನಗರ ಮೇಷ್ಟ್ರು

ದಕ್ಷಿಣದವರು ಚೆನ್ನಾಗಿ ಹೇಳಿದರು. ಒಂದು ಮಾತು ಸೇರಿಸಬೇಕು. ದುಡ್ಡು ಒಣಗುವುದರಿಂದ ಮಾತ್ರ ಸೋತ ಪಕ್ಷ ಸಾಯುವುದಿಲ್ಲ, ಗೆದ್ದವರು ಕೈಯಾರೆ ಕೊಲ್ಲುವುದೂ ಇದೆ. ಅದಕ್ಕೆ ಉಪಕರಣಗಳು ಪ್ರತಿ ಸಲ ಅವವೇ.

1966ರಲ್ಲೇ ಸಂವಿಧಾನ ತಿದ್ದಿ, ಪಕ್ಷ ಬದಲಿಸಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ ಎಂದು ಮಾಡಿದರು. ನಮ್ಮಲ್ಲಿ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ. ಆದರೆ ಅಲ್ಲಿ ಈ ನಿಯಮ ಪಕ್ಷಾಂತರ ನಿಲ್ಲಿಸುವ ಬದಲು ಆಡಳಿತ ಪಕ್ಷಕ್ಕೆ ಅನುಕೂಲವಾಯಿತು. 2011ರಲ್ಲಿ ಪಿಎಫ್‌ಗೆ 150ರಲ್ಲಿ 60 ಸ್ಥಾನ ಮಾತ್ರ. ಎಂಎಂಡಿ ಶಾಸಕರಿಗೆ ಉಪಮಂತ್ರಿ ಹುದ್ದೆ ತೋರಿಸಿ ಸೆಳೆಯುವುದು, ಉಪಚುನಾವಣೆಯಲ್ಲಿ ಸರ್ಕಾರದ ಬಲದಿಂದ ಗೆಲ್ಲಿಸಿಕೊಳ್ಳುವುದು. ಪಕ್ಷಾಂತರ ಆಯಿತು, ಸ್ಥಾನವೂ ದಕ್ಕಿತು. ‘ಆಪರೇಷನ್’ ಎಂಬ ಪದ ತರಗತಿಯಲ್ಲಿ ತಾನಾಗಿಯೇ ಬರುತ್ತದೆ ಬಿಡಿ.

ಎರಡನೆಯದು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ, 1955ರ ವಸಾಹತು ಕಾಲದ್ದು. ಸಭೆಗೆ ಪೊಲೀಸ್ ಅನುಮತಿ ಬೇಕೆಂಬ ಭಾಗವನ್ನು 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅನುಮತಿಯ ಜಾಗಕ್ಕೆ 7 ದಿನ ಮುಂಚಿನ ನೋಟಿಸ್ ಬಂತು, ಸಾಕಷ್ಟು ಪೊಲೀಸರಿಲ್ಲ ಎಂಬ ಉತ್ತರವೂ ಜೊತೆಗೇ ಬಂತು. ವಿರೋಧದಲ್ಲಿದ್ದಾಗ ಎಲ್ಲರೂ ಈ ಕಾಯ್ದೆಯನ್ನು ಬೈದವರೇ, ಅಧಿಕಾರಕ್ಕೆ ಬಂದ ಮೇಲೆ ಬಳಸಿದವರೇ.

ಮೂರನೆಯದು ಅರ್ಹತೆಯ ನಿಯಮ. 1996ರಲ್ಲಿ ಚಿಲುಬಾ ಸರ್ಕಾರ, ಅಧ್ಯಕ್ಷ ಅಭ್ಯರ್ಥಿಯ ತಂದೆತಾಯಿ ಇಬ್ಬರೂ ಜಾಂಬಿಯಾದವರೇ ಆಗಿರಬೇಕು ಎಂದು ಬರೆಯಿತು. ಕೌಂಡಾ ಹೆತ್ತವರು ಮಲಾವಿ ಕಡೆಯವರು, ಗುರಿ ಅವರೇ. ಅದೇ ನಿಯಮ 2014ರಲ್ಲಿ ಮತ್ತೊಬ್ಬರಿಗೆ ಬಡಿಯಿತು: ಸಾಟಾ ತೀರಿಕೊಂಡಾಗ ಹಂಗಾಮಿ ಅಧ್ಯಕ್ಷರಾದ ಬಿಳಿಯ ಉಪಾಧ್ಯಕ್ಷ ಗೈ ಸ್ಕಾಟ್ ಚುನಾವಣೆಗೆ ನಿಲ್ಲಲಾಗಲಿಲ್ಲ. 2016ರಲ್ಲಿ ಅದು ಹೋಯಿತು.

ನಾಲ್ಕನೆಯದು ಮೊಕದ್ದಮೆ. ಮ್ವಾನವಾಸಾ ತಮ್ಮನ್ನು ಆರಿಸಿದ ಚಿಲುಬಾಗೆ ಮೊಕದ್ದಮೆಯಿಂದ ಇದ್ದ ರಕ್ಷಣೆಯನ್ನೇ 2002ರಲ್ಲಿ ಸಂಸತ್ತಿನಿಂದ ತೆಗೆಸಿದರು. 2007ರಲ್ಲಿ ಲಂಡನ್ ಹೈಕೋರ್ಟ್ ಸರ್ಕಾರದ ಹಣ ನುಂಗಿದ್ದಕ್ಕೆ ಚಿಲುಬಾ ಹೊಣೆ ಎಂದಿತು, 2009ರಲ್ಲಿ ಲುಸಾಕಾದ ನ್ಯಾಯಾಲಯ ಖುಲಾಸೆ ಮಾಡಿತು. 2017ರಲ್ಲಿ ಹಿಚಿಲೆಮಾ ಮೇಲೆ ರಾಜದ್ರೋಹದ ಕೇಸು, ಅಧ್ಯಕ್ಷರ ವಾಹನಸಾಲಿಗೆ ದಾರಿ ಬಿಡಲಿಲ್ಲವೆಂದು, ನಾಲ್ಕು ತಿಂಗಳು ಜೈಲು. ಅದರಿಂದ ಅವರಿಗೆ ನಷ್ಟಕ್ಕಿಂತ ಲಾಭವೇ ಆಯಿತು ಅನ್ನಿಸುತ್ತದೆ ನನಗೆ.

ಆದರೆ ನಡುವೆ ಒಂದು ತಡೆಯೂ ಇದೆ, ಅದನ್ನು ಬಿಡಬೇಡಿ. 2001ರಲ್ಲಿ ಚಿಲುಬಾ ಮೂರನೇ ಅವಧಿಗೆ ಹೊರಟಾಗ ವಕೀಲರ ಸಂಘ, ಚರ್ಚ್‌ಗಳು, ಮಹಿಳಾ ಸಂಘಟನೆಗಳು ಸೇರಿ ಓಯಸಿಸ್ ಫೋರಂ ಕಟ್ಟಿದವು. ಎಂಎಂಡಿಯ ಮಂತ್ರಿಗಳೇ ವಿರೋಧಿಸಿ ಪಕ್ಷದಿಂದ ಹೊರಬಿದ್ದರು. ಚಿಲುಬಾ ಹಿಂದೆ ಸರಿದರು.

ಕಾಫಿಬೇಲಿ

ಬೋರ್ಡಿಗೆ ಬರೆಯುವ ಮುಂಚೆ ಮಕ್ಕಳು ಎಡವುವ ಜಾಗಗಳು, ಬೇಗ ಬೇಗ:

2008 ಮತ್ತು 2015ರ ಚುನಾವಣೆಗಳು ಸಾಮಾನ್ಯ ಚುನಾವಣೆಗಳಲ್ಲ, ಮ್ವಾನವಾಸಾ ಮತ್ತು ಸಾಟಾ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡದ್ದಕ್ಕೆ ನಡೆದ ಅಧ್ಯಕ್ಷೀಯ ಉಪಚುನಾವಣೆಗಳು. ಸಂಸತ್ತಿನ ಸ್ಥಾನದ ಅಂಕಿ ಆ ವರ್ಷಗಳಿಗೆ ಹುಡುಕಬೇಡಿ. 2016ರಿಂದ ಉಪಾಧ್ಯಕ್ಷರು ಜೊತೆಗೇ ಆಯ್ಕೆಯಾಗುವುದರಿಂದ, ಅಂಥ ಸಂದರ್ಭದಲ್ಲಿ ಉಳಿದ ಅವಧಿಯನ್ನು ಅವರೇ ಮುಗಿಸುತ್ತಾರೆ.

ಎಎನ್‌ಸಿ ಅಂದರೆ ಮಂಡೇಲಾ ಅವರದ್ದಲ್ಲ. ಬಂಡಾ ಅಂದರೆ ಮಲಾವಿಯ ಹೇಸ್ಟಿಂಗ್ಸ್ ಬಂಡಾ ಅಲ್ಲ. 1997ರ ವಿಫಲ ದಂಗೆಯ ಕ್ಯಾಪ್ಟನ್ ಲುಂಗು ಬೇರೆ, ಅಧ್ಯಕ್ಷ ಲುಂಗು ಬೇರೆ. ಯುಪಿಪಿ 1971ರದ್ದು, ಯುಪಿಎನ್‌ಡಿ 1998ರದ್ದು, ಒಂದಕ್ಕೊಂದು ಸಂಬಂಧವಿಲ್ಲ.

ಹಿಟ್ಟಿನ ಬೆಲೆ ಹೋಲಿಸುವುದಿದ್ದರೆ 2013ರ ಜನವರಿ 1ರಂದು ಅಲ್ಲಿನ ನಾಣ್ಯ ಕ್ವಾಚಾದ ಮೂರು ಸೊನ್ನೆ ತೆಗೆದದ್ದು ನೆನಪಿರಲಿ. ಹಳೆಯ 1000 ಅಂದರೆ ಹೊಸ 1. ಇದನ್ನು ಮರೆತರೆ ಸಾಟಾ ಕಾಲದಲ್ಲಿ ಬೆಲೆ ಸಾವಿರ ಪಟ್ಟು ಇಳಿದಂತೆ ಕಾಣುತ್ತದೆ.

ಸಂಸತ್ತಿನ ಚುನಾಯಿತ ಸ್ಥಾನ 1991ರಿಂದ 150, 2016 ಮತ್ತು 2021ರ ಚುನಾವಣೆಗಳಲ್ಲಿ 156. 2021ರಲ್ಲಿ ಯುಪಿಎನ್‌ಡಿ 82, ಪಿಎಫ್ 60. ಪಿಎಫ್‌ನ ಈಗಿನ ಸ್ಥಿತಿ ಹೇಳುವಾಗ ಜಾಗ್ರತೆ: 2023ರ ಅಕ್ಟೋಬರ್‌ನಲ್ಲಿ ಮೈಲ್ಸ್ ಸಾಂಪಾ ಪಕ್ಷದ ಅಧ್ಯಕ್ಷ ತಾನೆಂದು ಘೋಷಿಸಿಕೊಂಡಾಗಿನಿಂದ ಅದು ಬಣಗಳಾಗಿ ಕೋರ್ಟ್ ಮೆಟ್ಟಿಲು ಹತ್ತಿದೆ. 2024ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಲುಂಗು ಎರಡು ಅವಧಿ ಮುಗಿಸಿದ್ದಾರೆ, ಮತ್ತೆ ನಿಲ್ಲುವಂತಿಲ್ಲ ಎಂದಿತು, 2025ರ ಜೂನ್ 5ರಂದು ಅವರು ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡರು. ಚುನಾವಣೆಯ ದಿನಾಂಕ ಸಂವಿಧಾನದಲ್ಲೇ ಇದೆ, ಐದು ವರ್ಷಕ್ಕೊಮ್ಮೆ ಆಗಸ್ಟ್‌ನ ಎರಡನೇ ಗುರುವಾರ. 2021ರದ್ದು ಆಗಸ್ಟ್ 12, ಅದರ ನಂತರದ್ದು 2026ರ ಆಗಸ್ಟ್ 13.

45 ನಿಮಿಷಕ್ಕೆ ಇಷ್ಟೆಲ್ಲ ಹಿಡಿಸಲ್ಲ ಮೇಡಂ. 1967, 1972, 1991, 2001, 2016, 2021 ಈ ಆರನ್ನು ಇಟ್ಟುಕೊಂಡು ಉಳಿದದ್ದನ್ನು ಪ್ರಶ್ನೆ ಬಂದರೆ ಹೇಳಿ.